ರೋಸಿನವ್ವ ಓದಿದ ಸಾಲು

…ಇಲ್ಲ, ಅಂದು ಮಳೆ ಇರಲಿಲ್ಲವೇನೋ. ಇದನ್ನು ಹಿಂದೆ ಎರಡು ಸಲ ಬರೆದು ಹರಿದುಹಾಕಿದ್ದೇನೆ. ಎರಡರಲ್ಲೂ ರೋಸಿನವ್ವ ಆ ಪುಸ್ತಕ ಓದುವಾಗ ಹೊರಗೆ ಮಳೆ ಸುರಿಯುತ್ತಿದೆ, ಹಂಚಿನ ಮೇಲೆ ಅದರ ಸದ್ದು, ಅವರ ದನಿ ಕೇಳಲೆಂದು ನಾನು ಮುಂದಕ್ಕೆ ಬಾಗಿದ್ದೇನೆ. ಆದರೆ ಬಾಗಿಲು ತೆರೆದಿತ್ತು, ಬಾಗಿಲಲ್ಲಿ ಕರುಣವ್ವ ನಿಂತಿದ್ದಳು, ಅವಳ ನೆರಳು ಪುಟದ ಮೇಲೆ ಬಿದ್ದಿತ್ತು ಎಂಬುದೂ ನನಗೆ ಚೆನ್ನಾಗಿ ನೆನಪಿದೆ. ಸುರಿಯುವ ಮಳೆಯಲ್ಲಿ ನೆರಳು ಎಲ್ಲಿಂದ ಬರಬೇಕು? ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಯಾವುದನ್ನು ಎಂದು ಹೇಳಲಾರೆ.

ಮೊನ್ನೆ ಹುಬ್ಬಳ್ಳಿಯ ಕೇಶ್ವಾಪುರದ ಕಡೆಯಿಂದ ನಡೆದು ಬರುತ್ತಿದ್ದೆ. ಯಾರದೋ ಹಿತ್ತಲಲ್ಲಿ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿತ್ತು. ಹುಳಿಯಾಗಲು ಇನ್ನೇನು ಒಂದು ಗಳಿಗೆ ಇರುವಂಥ ಗಂಜಿ, ಅದರ ಜೊತೆ ತೊಯ್ದ ನೂಲಿನ ವಾಸನೆ. ನಿಂತುಬಿಟ್ಟೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಆದರೆ ಮೂಗನ್ನು ನಂಬುತ್ತೇನೆ. ಅದಕ್ಕೇ ಮೂರನೆಯ ಸಲ ಬರೆಯುತ್ತಿದ್ದೇನೆ. ಮಳೆಯನ್ನು ಈ ಸಲ ಬಿಟ್ಟುಬಿಡುತ್ತೇನೆ, ಬೇಕೆನ್ನಿಸಿದವರು ಸೇರಿಸಿಕೊಳ್ಳಲಿ.

೧೯೧೪ರ ಮಹಾಯುದ್ಧ ಶುರುವಾದ ಮೇಲಿನ ಮೊದಲ ಮಳೆಗಾಲ ಅದು. ನಾನು ಧಾರವಾಡದ ಕಲೆಕ್ಟರ್ ಕಚೇರಿಯಲ್ಲಿ ಕಾರಕೂನ. ಮನೆ ಹುಬ್ಬಳ್ಳಿಯ ನೇಕಾರರ ಓಣಿಯಲ್ಲಿ. ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಜಿಲ್ಲೆಯಲ್ಲಿದ್ದ ಜರ್ಮನ್ ಪಾದ್ರಿಗಳನ್ನೂ ಮಿಶನ್ನಿನ ಗಂಡಸರನ್ನೂ ಆಗಲೇ ಶತ್ರುದೇಶದವರನ್ನು ಕೂಡಿಹಾಕುವ ಕ್ಯಾಂಪಿಗೆ ಕರೆದೊಯ್ದಿದ್ದರು. ಈಗ ಹೆಂಗಸರ ಯಾದಿ ತಯಾರಾಗುತ್ತಿತ್ತು. ಒಂದು ದಿನ ಕಚೇರಿಯ ಮುಖ್ಯ ಕಾರಕೂನರಾದ ಚಿಟ್ನೀಸರು ನನ್ನನ್ನು ಮೇಜಿನ ಬಳಿ ಕರೆದರು.

"ಸಿದ್ರಾಮ, ನಿಮ್ಮ ಓಣ್ಯಾಗ ಮಗ್ಗದ ಮಡಮ್ಮ ಅಂತ ಒಬ್ಬಾಕಿ ಇದ್ದಾಳಲ್ಲ, ಆಕಿ ಕಾಗದಾ ನೋಡಿದೆ. ತವರುಮನಿ ಸ್ವಿಟ್ಜರ್ಲೆಂಡ್ ಅದ. ಆ ದೇಶ ಈ ಜಗಳದಾಗ ಇಲ್ಲ. ಆದರ ಗಂಡ ಜರ್ಮನ್. ಹೆಂಡತಿ ಅಂದಮ್ಯಾಲ ಗಂಡನ ಊರೇ ಆಕಿ ಊರು. ಸರ್ಕಾರದ ಕಾಯ್ದೆನೂ ಹಂಗ, ನಮ್ಮ ಮನ್ಯಾಗಿನ ಕಾಯ್ದೆನೂ ಹಂಗ."

"ಗಂಡ ಸತ್ತು ಇಪ್ಪತ್ತೈದು ವರ್ಷದ ಮ್ಯಾಲಾತಲ್ರಿ."

"ಸತ್ತಾಂವ ಇನ್ನೂ ಜರ್ಮನ್ನೇ ಇದ್ದಾನ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಟ್ಟಿದ್ದೆಲ್ಲೆ, ಅಪ್ಪ ಯಾರು, ಅಜ್ಜ ಎಲ್ಲಿಯಾಂವ, ಲಗ್ನ ಎಲ್ಲಿ ಆತು, ಯಾರು ಮಾಡಿಸಿದ್ರು, ಎಲ್ಲಾ ವಂಶಾವಳಿ ಬರಕೊಂಡು ಬಾ. ಎಲ್ಲೆರೆ ಒಂದು ದಾರಿ ಸಿಕ್ರ ನೋಡೋಣ. ಮುದುಕೀನ್ನ ಕ್ಯಾಂಪಿಗೆ ಕಳಸೂ ಹೌಸು ನನಗೂ ಇಲ್ಲ."

ಮಗ್ಗದ ಮಡಮ್ಮ ಎಂದರೆ ರೋಸಿನವ್ವ. ನಮ್ಮ ಓಣಿಯ ತುದಿಗೆ ಮಿಶನ್ನಿನ ನೇಯ್ಗೆಯ ಶೆಡ್ಡಿತ್ತು. ಹನ್ನೆರಡು ಕೈಮಗ್ಗಗಳು. ಅದನ್ನು ನಡೆಸುತ್ತಿದ್ದವರು ಅವರೇ. ನನ್ನ ತಾಯಿ ಮದುವೆಯಾಗಿ ಬಂದ ವರ್ಷದಿಂದ ತೀರಿಕೊಳ್ಳುವ ವರ್ಷದವರೆಗೆ ಅಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ರೋಸಿನವ್ವ ಎತ್ತರದ ಹೆಂಗಸು. ಬೂದುಬಣ್ಣದ ಉದ್ದನೆಯ ಗೌನು, ಅದರ ಮುಂದೆ ಸೊಂಟಕ್ಕೆ ಕಟ್ಟಿದ ಬಿಳಿ ಮುಂಬಟ್ಟೆ. ಮಾತು ಮಾತ್ರ ನಮ್ಮ ಓಣಿಯದು. ಎಳೆ ಹರಿದದ್ದನ್ನು ನೋಡದೆ ನೇಯುತ್ತಿದ್ದ ಹುಡುಗಿಯ ಹಿಂದೆ ನಿಂತು "ಯವ್ವಾ, ಕಣ್ಣು ಎಲ್ಲಿ ಬಿಟ್ಟು ಬಂದೀ? ಮದುವಿ ಮನಿಗೆ ಕಳಸೀ ಏನು?" ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಅವರಿಗೊಂದು ಬೇರೆ ದೇಶ ಇದೆ ಎಂಬುದು ನನಗೆ ಹೊಳೆದದ್ದೇ ಚಿಟ್ನೀಸರು ಆ ಕಾಗದ ಕೊಟ್ಟ ದಿನ.

ಶನಿವಾರ ಕಚೇರಿ ಅರ್ಧ ದಿನ. ನಾಲ್ಕು ಶನಿವಾರ ನಾನು ಅವರೆದುರು ಕಾಗದ ಪೆನ್ಸಿಲು ಹಿಡಿದು ಕೂತೆ. ಐದೋ ಏನೋ.

ಮೊದಲ ದಿನ ಅವರು ನಕ್ಕರು. "ತಮ್ಮಾ, ಅಜ್ಜನ ಊರು ಬರಕೊಂಡು ಸರ್ಕಾರ ಏನ್ ಮಾಡ್ತೈತಿ? ನನಗ ಗಂಡು ನೋಡಾಕತ್ತೈತೇನು?"

ಆಮೇಲೆ ಹೇಳತೊಡಗಿದರು. ರೇಷ್ಮೆಯ ರಿಬ್ಬನ್ ನೇಯುವವರ ಹಳ್ಳಿ. ಮನೆಗೊಂದು ಮಗ್ಗ, ಆ ಮಗ್ಗ ಎಷ್ಟು ದೊಡ್ಡದೆಂದರೆ ಮನೆಯಲ್ಲಿ ಮಗ್ಗವಿದೆ ಎನ್ನುವುದಕ್ಕಿಂತ ಮಗ್ಗದ ಸುತ್ತ ಮನೆಯಿದೆ ಎನ್ನಬೇಕು. ಮಕ್ಕಳು ಅದರ ಕೆಳಗೇ ಮಲಗುವುದು. ಚಳಿಗಾಲದಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬರುತ್ತಿತ್ತು. ವಾರಕ್ಕೊಮ್ಮೆ ಪಟ್ಟಣದ ಗಾಡಿ ಬಂದು ರಿಬ್ಬನ್ನು ಒಯ್ದು ನೂಲು ಕೊಟ್ಟು ಹೋಗುತ್ತಿತ್ತು. ತಂದೆಯ ತಾಯಿ ನದಿಯ ಆಚೆಯವಳು, ಅಂದರೆ ಜರ್ಮನ್ ಕಡೆಯವಳು. ಮದುವೆಯಾಗಿ ಬರುವಾಗ ತನ್ನ ಮಗ್ಗದ ಹಣಿಗೆಯನ್ನು, ಎಳೆ ಪೋಣಿಸುವ ಆ ಬಾಚಣಿಗೆಯನ್ನು, ಎಳೆ ತುಂಬಿದ್ದ ಹಾಗೇ ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು ಸೇತುವೆ ದಾಟಿದಳಂತೆ.

"ಎಳೆ ಯಾಕ ಬಿಟ್ಟಿದ್ಲು?" ಎಂದು ನಾನು ಕೇಳಲಿಲ್ಲ. ನೇಕಾರನ ಮಗನಿಗೆ ಅದು ಗೊತ್ತು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆ, ಮುಗಿದ ಮೇಲೆ ನಾವು ಮಗ್ಗವನ್ನು ಬರಿದು ಮಾಡುವುದಿಲ್ಲ. ಹಣಿಗೆಯಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಬಿಡುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಸೇರಿಸುತ್ತೇವೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ದಿನಗಟ್ಟಲೆಯ ಕೆಲಸ. ನನ್ನ ತಾಯಿಯ ಹೆಬ್ಬೆರಳಿನ ತುದಿ ಸಾಯುವತನಕ ಬೂದಿಬಣ್ಣದ್ದೇ ಆಗಿತ್ತು.

"ನಾ ಬರೂ ಮುಂದ ನಮ್ಮವ್ವ ಮಗ್ಗದಿಂದ ಒಂದು ಹಿಡಿ ಎಳಿ ಕತ್ತರಿಸಿ ಕೊಟ್ಲು," ಎಂದರು ರೋಸಿನವ್ವ. "ನೀಲಿ ರೇಷ್ಮಿ. ಇಲ್ಲಿಗೆ ಬಂದ ಮೊದಲನೇ ವಾರ ಮೂರನೇ ಮಗ್ಗಕ್ಕ ಅದನ್ನ ಕೆಚ್ಚಿದೆ. ಹತ್ತಿ ಎಳಿಗೆ ರೇಷ್ಮಿ ಕೆಚ್ಚೂದಂದ್ರ ಸುಮ್ಮನ ಅಲ್ಲ. ನಿಮ್ಮವ್ವ ಇನ್ನೂ ಬಂದಿರಲಿಲ್ಲ. ಕರುಣವ್ವ ಕೂತು ಕೈ ಹಚ್ಚಿದ್ಲು."

ನೀಲಿ ಆ ಮೊದಲ ಬಟ್ಟೆಯಲ್ಲೇ ಮುಗಿದುಹೋಯಿತಂತೆ, ಅಂಚಿನಲ್ಲಿ ಒಂದು ಬೆರಳಗಲ. ಆದರೆ ಅದರ ಬಾಲಕ್ಕೆ ಮುಂದಿನ ಹಾಸು, ಅದರ ಬಾಲಕ್ಕೆ ಇನ್ನೊಂದು. ಮೂರನೆಯ ಮಗ್ಗ ಅಂದಿನಿಂದ ಒಮ್ಮೆಯೂ ಬರಿದಾಗಿಲ್ಲ. ನಾನು ಎದ್ದು ಹೋಗಿ ಆ ಮಗ್ಗದ ಮುಂದೆ ನಿಂತೆ. ಅದರ ಮೇಲೆ ಕಪ್ಪು ಅಂಚಿನ ಒಂದು ಸಾದಾ ಸೀರೆ ಅರ್ಧ ನೇಯ್ದು ನಿಂತಿತ್ತು. ನನ್ನ ತೊಟ್ಟಿಲಿಗೆ ಕಟ್ಟಿದ ಬಟ್ಟೆ ಆ ಮಗ್ಗದ್ದು. ನನ್ನ ತಾಯಿಗೆ ಹೊದಿಸಿದ್ದೂ. ಹಿಮ ಬೀಳುವ ಯಾವುದೋ ಹಳ್ಳಿಯ ಕೋಣೆಯಲ್ಲಿ ಒಬ್ಬ ಹೆಂಗಸು ಹಿಡಿದ ಕತ್ತರಿಯಿಂದ ಇಲ್ಲಿಯತನಕ ಒಂದೇ ಎಳೆ. ನನಗೆ ಮೈ ಜುಮ್ಮೆಂದಿತು. ಇವತ್ತಿಗೂ, ಬೇರೆ ಏನನ್ನು ಸಂಶಯಿಸಿದರೂ, ಆ ಜುಮ್ಮೆನ್ನುವುದನ್ನು ಸಂಶಯಿಸಲಾರೆ. ಕಚೇರಿಯ ಕಾಗದದಲ್ಲಿ ಇದನ್ನು ಬರೆಯಲು ಅಂಕಣ ಇರಲಿಲ್ಲ. 'ಅಜ್ಜನ ಊರು' ಎಂಬುದರ ಮುಂದೆ ಹಳ್ಳಿಯ ಹೆಸರನ್ನಷ್ಟೇ ಬರೆದೆ.

ಮದುವೆಯ ವಿಷಯ ಅವರು ಹೇಳಿದ್ದು ಇಷ್ಟು: ಮಿಶನ್ನಿನಿಂದ ತಂದೆಗೆ ಒಂದು ಕಾಗದ ಬಂತು, ಜೊತೆಗೆ ಒಬ್ಬನ ಫೋಟೋ. ಹಿಂದೂಸ್ಥಾನದಲ್ಲಿ ನೇಯ್ಗೆಯ ಶೆಡ್ಡು ನೋಡಿಕೊಳ್ಳುವವನು, ಜರ್ಮನ್. ಒಪ್ಪಿಗೆಯಿದ್ದರೆ ಎಂಟು ದಿನದಲ್ಲಿ ತಿಳಿಸಬೇಕು. "ಅಂವನ ಒಂದು ಕಿವಿ ಒಂದೀಟ ಮುಂದ ಬಂದಿತ್ತು. ಅದನ್ನ ನೋಡಿ ಹೂಂ ಅಂದೆ. ಹಡಗ ಹತ್ತಿದೆ. ಬಂದೆ."

"ಲಗ್ನ ಎಲ್ಲಿ ಆತ್ರಿ, ಅವ್ವಾರ?"

"ಅದು ಚರ್ಚಿನ ಪುಸ್ತಕದಾಗ ಇರ್ತೈತಿ," ಎಂದು ಎದ್ದು ಮಗ್ಗಗಳ ಕಡೆ ಹೋದರು.

ಉಳಿದದ್ದನ್ನು ಹೇಳಿದವಳು ಕರುಣವ್ವ. ಶೆಡ್ಡಿನ ಮೊದಲ ನೇಕಾರ ಹೆಂಗಸು, ಆಗಲೇ ಎಪ್ಪತ್ತು ದಾಟಿದವಳು. ಚರ್ಚು ಗುಡಿಸುವುದು, ಅದರ ಕೀಲಿಕೈ ಇಟ್ಟುಕೊಳ್ಳುವುದು ಅವಳ ಕೆಲಸ. ಒಂದು ಸಂಜೆ ನಾನು ಸ್ಟೇಷನ್ನಿನಿಂದ ಬರುವಾಗ ಕಟ್ಟೆಯ ಮೇಲೆ ಕೂತಿದ್ದವಳು ಕರೆದಳು.

"ಏನೋ ಸಿದ್ರಾಮ, ಕಚೇರಿ ನೌಕರಿ ಹತ್ತಿದಮ್ಯಾಲ ಮುದುಕೀರ ಲಗ್ನ ಹುಡುಕೂ ಕೆಲಸ ಕೊಟ್ಟಾರಂತಲ್ಲ?"

ಅವಳ ಪಕ್ಕ ಕೂತು ವಿಷಯ ಹೇಳಿದೆ. ಗಂಡ ಜರ್ಮನ್ ಆದದ್ದಕ್ಕೆ ರೋಸಿನವ್ವನನ್ನು ಒಯ್ಯುತ್ತಾರೆ ಎಂದೆ. ಅವಳು ಬಹಳ ಹೊತ್ತು ಎಲೆ ಅಗಿದಳು.

"ಲಗ್ನ ಎಲ್ಲಿ ಆಗೈತೋ ಹುಚ್ಚಪ್ಪಾ," ಎಂದಳು ಕಡೆಗೆ.

ಅವಳು ಹೇಳಿದ್ದು ಹೀಗೆ. ಆ ಸಾಹೇಬ ಜ್ವರ ಬಂದು ಧಾರವಾಡದಲ್ಲಿ ಮಲಗಿದ್ದ. ಪಾದ್ರಿಗಳೆಲ್ಲ ಅಲ್ಲಿಗೆ ಹೋಗಿದ್ದರು. ಅವನ ಹೆಂಡತಿ ಬರುವ ರೈಲಿನ ದಿನ ಶೆಡ್ಡಿನ ಹೆಂಗಸರಿಗೆ ಗೊತ್ತಿತ್ತು. ಸೊಸೆ ಊರಿಗೆ ಬರುವಾಗ ಎದುರುಗೊಳ್ಳಲು ಯಾರೂ ಇಲ್ಲದಿದ್ದರೆ ಹೇಗೆ? ಒಂದು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಅಡಿಕೆ ತೆಗೆದುಕೊಂಡು ಐದು ಜನ ಹೆಂಗಸರು ಹುಬ್ಬಳ್ಳಿ ಸ್ಟೇಷನ್ನಿಗೆ ಹೋದರು. ಉಡಿ ತುಂಬಲೆಂದು.

"ಲಗ್ನ ಆಗಿರಲಿಲ್ಲಂದ್ರ ಉಡಿ ಯಾಕ ತುಂಬಿದ್ರಿ?"

"ನಮಗೇನ್ ಗೊತ್ತು? ಅವರ ಊರಾಗ ಲಗ್ನ ಮಾಡೇ ಕಳಿಸ್ಯಾರ ಅಂತ ತಿಳಕೊಂಡ್ವಿ. ಲಗ್ನ ಆಗ್ದ ಹೆಣ್ಣಮಗಳನ್ನ ಒಬ್ಬಾಕೀನ್ನ ಸಮುದ್ರ ದಾಟಿಸಿ ಯಾರರೆ ಕಳಸ್ತಾರೇನು? ನೀನ ಹೇಳು." ಅವಳು ಈಗಲೂ ಆ ಊರಿನವರ ಮೇಲೆ ಸಿಟ್ಟಾಗಿದ್ದಳು. "ಇಳದ್ಲು. ಸೀರಿ ಇಲ್ಲ, ಸೆರಗ ಇಲ್ಲ. ಉಡಿ ಎಲ್ಲಿ ತುಂಬೂದು? ನಮ್ಮ ಜೋಡಿ ಬಂದಿದ್ದ ಶಾಂತವ್ವ ತನ್ನ ಸೆರಗ ಹಿಡದು ತೋರ್ಸಿದ್ಲು, ಹಿಂಗ ಅಂತ. ಆಕಿ ನಮ್ಮನ್ನೆಲ್ಲಾ ನೋಡಿದ್ಲು. ಮುಂದ ಕಟ್ಟಿದ್ಲಲ್ಲ ಬಿಳೀ ಬಟ್ಟಿ, ಅದನ್ನ ಎರಡೂ ಕೈಲೆ ಎತ್ತಿ ಹಿಡದ್ಲು. ತುಂಬಿದ್ವಿ. ಟಾಂಗಾದಾಗ ಓಣಿಗೆ ಕರಕೊಂಡು ಬಂದ್ರ, ಪಾದ್ರಿಗಳು ಬಂದು ನಿಂತಿದ್ರು. ಸಾಹೇಬ ಹಿಂದಿನ ದಿನಾನ ತೀರಿಕೊಂಡಿದ್ದ."

"ಮತ್ತ?"

"ಮತ್ತೇನು. ತುಂಬಿದ ಉಡಿ ಹಿಂದಕ್ಕ ತಗೊಳಾಕ ಬರ್ತೈತೇನು? ನಮ್ಮ ಲೆಕ್ಕದಾಗ ಆಕಿ ಈ ಊರ ಸೊಸಿ ಆಗಿ ಹೋಗಿದ್ಲು. ಪಾದ್ರಿಗಳು ಆಕೀನ್ನ ಮುಂದಿನ ಹಡಗಕ್ಕ ಕಳಸ್ತೇವಿ ಅಂದ್ರು. ಆಕಿ ತಮ್ಮ ಮಾತಿನ್ಯಾಗ ಏನೋ ಅಂದ್ಲು. ಅವರು ಸುಮ್ಮನಾದ್ರು. ಮರುದಿನ ಕರೇ ಬಟ್ಟಿ ಹಾಕ್ಕೊಂಡು ಶೆಡ್ಡಿಗೆ ಬಂದು ಕೂತ್ಲು. ಅಂವನ ಹೆಸರ ಹಚ್ಕೊಂಡ್ಲು. ಅಷ್ಟ."

ನಾನು ಎದ್ದು ನಿಂತೆ. ಒಮ್ಮೆಯೂ ಕಣ್ಣಿಂದ ನೋಡದ ಮನುಷ್ಯನಿಗೆ ಇಪ್ಪತ್ತಾರು ವರ್ಷದಿಂದ ವಿಧವೆ. ತಿಂಗಳಿಗೊಮ್ಮೆ ಅವನ ಗೋರಿಗೆ ಹೂ ಒಯ್ಯಲು ಧಾರವಾಡದ ರೈಲು ಹತ್ತುತ್ತಿದ್ದರು. ಎಷ್ಟೋ ಸಲ ಒಂದೇ ಡಬ್ಬಿಯಲ್ಲಿ ನಾನೂ ಇದ್ದೆ. ಆಮೇಲೆ, ಸ್ವಲ್ಪ ತಡವಾಗಿ, ಕಾರಕೂನನ ಬುದ್ಧಿ ಓಡಿತು: ಲಗ್ನವೇ ಆಗಿಲ್ಲವೆಂದರೆ ಅವರು ಜರ್ಮನ್ ಅಲ್ಲ.

ಚಿಟ್ನೀಸರು ಕೇಳಿ ಸಂತೋಷಪಟ್ಟರು. "ಬಾಯಿಮಾತು ನಡ್ಯೂದಿಲ್ಲ. ಚರ್ಚಿನ ಪುಸ್ತಕದಾಗ ಲಗ್ನದ ನೋಂದು ಇರಬಾರದು, ಸಾವಿನ ನೋಂದು ಆಕಿ ಬರೂದಕ್ಕಿಂತ ಮೊದಲು ಇರಬೇಕು. ನಕಲು ತಗೊಂಡು ಬಾ, ಸಹಿ ಮಾಡಿಸಿ ಬಿಡ್ತೇನಿ."

ಪುಸ್ತಕ ನಮ್ಮ ಓಣಿಯ ಚರ್ಚಿನಲ್ಲೇ ಸಿಕ್ಕಿತು, ಆಗ ಧಾರವಾಡದ ನೋಂದೂ ಅದರಲ್ಲೇ ಆಗುತ್ತಿತ್ತಂತೆ. ಈಗಿದ್ದ ಕನ್ನಡದ ಪಾದ್ರಿಗಳು ಒಳ್ಳೆಯ ಮನುಷ್ಯರು, ತೆಗೆದು ಮೇಜಿನ ಮೇಲಿಟ್ಟರು, ತೆರೆದರು, ತಲೆ ಅಲ್ಲಾಡಿಸಿದರು. ಹಳೆಯ ಜರ್ಮನ್ ಪಾದ್ರಿಯ ಕೈಬರಹ. ಇಂಗ್ಲಿಷ್ ಅಕ್ಷರವೂ ಅಲ್ಲ. ಉಳುಮೆ ಮಾಡಿದ ಹೊಲದ ಹಾಗೆ ಒಂದೇ ಸಮನೆ ಮೇಲೆ ಕೆಳಗೆ ಹೋಗುವ ಗೆರೆಗಳು. ತಾರೀಖನ್ನೂ ಅಕ್ಷರದಲ್ಲೇ ಬರೆಯುವುದು ಅವರ ರೂಢಿಯಾಗಿತ್ತಂತೆ, ವರ್ಷವೊಂದೇ ಅಂಕಿಯಲ್ಲಿತ್ತು. 'ರೋಸಿನಾ' ಎಂಬ ಹೆಸರನ್ನಾದರೂ ಗುರುತಿಸಬಹುದೆಂದು ಆ ವರ್ಷದ ಪುಟಗಳನ್ನೆಲ್ಲ ಬೆರಳಿಟ್ಟು ನೋಡಿದೆ. ಗುರುತಾಗಲಿಲ್ಲ. ಆ ಬರಹ ಬಲ್ಲ ಮಿಶನ್ನಿನವರೆಲ್ಲ ಕ್ಯಾಂಪಿನಲ್ಲಿದ್ದರು. ಇಡೀ ಜಿಲ್ಲೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೇ ಉಳಿದಿದ್ದರು.

ಶನಿವಾರ ಮಧ್ಯಾಹ್ನ ರೋಸಿನವ್ವ ಚರ್ಚಿಗೆ ಬಂದರು. ಪಾದ್ರಿಗಳು ಯಾರದೋ ಮಣ್ಣಿಗೆ ಹೋಗಿದ್ದರು. ಕರುಣವ್ವ ಕೀಲಿ ತೆರೆದು ಬಾಗಿಲಲ್ಲೇ ನಿಂತಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಲಗ್ನ ಆಗಿಲ್ಲವೆಂದು ಪುಸ್ತಕದಲ್ಲಿ ಇದ್ದರೆ ನೀವು ಇಲ್ಲೇ ಇರಬಹುದು, ಆಗಿದೆಯೆಂದು ಇದ್ದರೆ ಕ್ಯಾಂಪಿಗೆ ಹೋಗಬೇಕಾಗುತ್ತದೆ. ಅವರು ಕನ್ನಡಕ ಹಾಕಿಕೊಳ್ಳುತ್ತ ಎರಡನ್ನೂ ಕೇಳಿಸಿಕೊಂಡರು. ಪುಟ ತಿರುಗಿಸಿದರು. ಹುಡುಕಲಿಲ್ಲ, ನೇರ ಅಲ್ಲಿಗೇ ಹೋದರು. ಹೀಗೆಂದು ನನ್ನ ನೆನಪು.

ಮೊದಲು ತಮ್ಮ ಭಾಷೆಯಲ್ಲಿ ಓದಿದರು. ಅವರ ಬಾಯಲ್ಲಿ ಆ ಭಾಷೆಯನ್ನು ನಾನು ಕೇಳಿದ್ದು ಅದೊಂದೇ ಸಲ. ದನಿ ಬೇರೆಯಾಗಿತ್ತು, ತೀರ ಎಳೆಯ ಹುಡುಗಿಯದು. ಆಮೇಲೆ ಬೆರಳನ್ನು ಸಾಲಿನ ಕೆಳಗಿಟ್ಟು ಕನ್ನಡದಲ್ಲಿ ನಿಧಾನವಾಗಿ ಹೇಳಿದರು.

"ಬರಕೋ ತಮ್ಮಾ. ನಮ್ಮ ಈ ಸಹೋದರನು ಹಾಸಿಗೆಯ ಮೇಲೆ ಇದ್ದಾಗ, ಅದೇ ದಿನ ಬಂದಿಳಿದ ರೋಸಿನಾ ಎಂಬ ಕನ್ಯೆಯ ಕೈಯನ್ನು ಸಭೆಯ ಮುಂದೆ ಹಿಡಿದನು. ಅವರನ್ನು ಗಂಡ ಹೆಂಡಿರೆಂದು ಆಶೀರ್ವದಿಸಿದೆವು. ಮರುದಿನ ಬೆಳಗಿನಲ್ಲಿ ಅವನು ಕರ್ತನಲ್ಲಿ ನಿದ್ರೆಹೋದನು."

ನನ್ನ ಪೆನ್ಸಿಲು 'ಕನ್ಯೆಯ' ಎಂಬಲ್ಲಿ ನಿಂತಿತ್ತು. ಬಾಗಿಲ ಕಡೆ ನೋಡಿದೆ. ಕರುಣವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅವ್ವಾರ, ಇನ್ನೊಮ್ಮೆ ನೋಡ್ರಿ. ಸಾಲು ತಪ್ಪಿರಬೇಕು."

"ಎಷ್ಟ್ ಸಲ ನೋಡಿದ್ರೂ ಬರದದ್ದು ಬರದಂಗ ಇರ್ತೈತಿ."

"ಕ್ಯಾಂಪಿಗೆ ಒಯ್ತಾರ್ರಿ."

"ಅದನ್ನ ಆಗ್ಲೇ ಹೇಳಿದ್ಯಲ್ಲ." ಅವರು ಕನ್ನಡಕ ಮಡಿಸಿದರು. "ಮೂರನೇ ಮಗ್ಗದ ಹಾಸು ಮುಗ್ಯಾಕ ಬಂದೈತಿ. ಹೊಸಾದು ಕೆಚ್ಚಿಸಿ ಹೋಗ್ಬೇಕು. ಎಷ್ಟು ದಿನ ಕೊಡ್ತಾರ, ಕೇಳು."

ಒಂದು ವಿಷಯ ಇಲ್ಲಿ ಬಚ್ಚಿಡಬಾರದು. ಕಾಗದ ನನ್ನ ಕೈಯಲ್ಲಿತ್ತು. ಅವರು ಏನೇ ಓದಿದರೂ ನಾನು ಬೇರೆ ಬರೆಯಬಹುದಿತ್ತು. 'ಲಗ್ನದ ನೋಂದು ಇಲ್ಲ' ಎಂಬ ಮೂರು ಪದ. ಪರೀಕ್ಷಿಸಬಲ್ಲವರು ಯಾರೂ ಇರಲಿಲ್ಲ. ಹಾಗೆ ಬರೆಯಬೇಕೆಂದೇ ಪೆನ್ಸಿಲು ಮತ್ತೆ ಕಾಗದಕ್ಕೆ ಹಚ್ಚಿದೆ. ಅವರು ಅದನ್ನು ನೋಡಿದರು. "ಅಂವನ ಹೆಸರ ನನ್ನ ಹೆಸರು, ಸಿದ್ರಾಮ," ಎಂದರು. ಗದರಿಸಿ ಹೇಳಲಿಲ್ಲ. ನಾನು ಅವರು ಓದಿದ್ದನ್ನೇ ಬರೆದೆ.

"ಬರಕೊಂಡೀ?" ಎಂದಳು ಕರುಣವ್ವ.

"ಬರಕೊಂಡೆ."

"ಹಂಗಾರ ಕೀಲಿ ಹಾಕ್ತೇನಿ. ಏಳ್ರಿ."

ಚಿಟ್ನೀಸರು ನಕಲನ್ನು ಎರಡು ಸಲ ಓದಿದರು. "ಆಕಿನೇ ಓದಿ ಆಕಿನೇ ಸಿಕ್ಕೊಂಡ್ಲಲ್ಲೋ. ಸುಳ್ಳು ಹೇಳವರು ತಪ್ಪಿಸ್ಕೊಳ್ಳಿಕ್ಕೆ ಹೇಳ್ತಾರ. ಅದಕ್ಕ ಇದು ಖರೇನ ಇರಬೇಕು," ಎಂದು ಸಹಿ ಮಾಡಿದರು. ಹದಿನೈದು ದಿನ ಕೊಟ್ಟರು.

ಆ ಹದಿನೈದು ದಿನ ಶೆಡ್ಡಿನಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಕಚೇರಿಯಿಂದ ಬಂದು ಇಣುಕಿದಾಗಲೆಲ್ಲ ಮೂರನೆಯ ಮಗ್ಗದ ಮುಂದೆ ರೋಸಿನವ್ವ ಮತ್ತು ಕರುಣವ್ವ ಎದುರುಬದುರು ಕೂತಿರುತ್ತಿದ್ದರು. ನಡುವೆ ಬೂದಿಯ ಬಟ್ಟಲು. ಒಬ್ಬರು ಎಳೆ ಆರಿಸಿ ಕೊಡುವುದು, ಒಬ್ಬರು ಹೊಸೆಯುವುದು. ಕರುಣವ್ವನಿಗೆ ಸಣ್ಣ ಎಳೆ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿನಿಂದಲೇ ಕೆಚ್ಚುತ್ತಿದ್ದಳು.

ಪುಣೆಯ ರೈಲು ಬರುವ ದಿನ ಓಣಿಯ ಹೆಂಗಸರೆಲ್ಲ ಸ್ಟೇಷನ್ನಿನಲ್ಲಿದ್ದರು. ಜೊತೆಗೆ ಬಂದ ಪೊಲೀಸಿನವನು ನಮ್ಮ ಗೋಪನಕೊಪ್ಪದ ಕಡೆಯವನೇ. ಪೆಟ್ಟಿಗೆ ತಾನೇ ಹೊತ್ತು ತಂದಿಟ್ಟು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ದೂರ ನಿಂತ. ರೈಲು ಬರುವ ಸ್ವಲ್ಪ ಮುಂಚೆ ಕರುಣವ್ವ ಸೊಂಟದಿಂದ ಒಂದು ಗಂಟು ತೆಗೆದಳು. ಒಂದು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು.

ಹೆಂಗಸರ ನಡುವೆ ಒಂದು ಸಣ್ಣ ಗುಜುಗುಜು ಎದ್ದಿತು. ವಿಧವೆಗೆ ಯಾರೂ ಉಡಿ ತುಂಬುವುದಿಲ್ಲ. ಚರ್ಚಿಗೆ ಸೇರಿ ಎರಡು ತಲೆಮಾರಾದರೂ ಆ ಓಣಿಯಲ್ಲಿ ಅದು ಹಾಗೇ ಇತ್ತು.

"ಕರುಣವ್ವಾ, ಏನ್ ಮಾಡಾಕತ್ತೀ?" ಎಂದಳು ಯಾರೋ.

"ಏನ್ ಮಾಡಾಕತ್ತೇನಿ ಅಂತ ನನಗ ಗೊತ್ತೈತಿ. ನೀ ಆ ಕಡೆ ಸರಿ," ಎಂದಳು ಕರುಣವ್ವ.

ರೋಸಿನವ್ವ ಅವಳನ್ನೇ ನೋಡಿದರು. ಅವರ ಮುಖದಲ್ಲಿ ಏನಿತ್ತು ಎಂದು ಬರೆಯಲು ಮೂರು ಸಲವೂ ಪ್ರಯತ್ನಿಸಿದ್ದೇನೆ, ಮೂರು ಸಲವೂ ಬೇರೆ ಬೇರೆ ಬರುತ್ತದೆ. ಆಮೇಲೆ, ಯಾರೂ ತೋರಿಸಿಕೊಡದೆ, ಆ ಬಿಳಿ ಮುಂಬಟ್ಟೆಯ ಎರಡೂ ತುದಿಯನ್ನು ಎತ್ತಿ ಹಿಡಿದರು. ಕರುಣವ್ವ ತುಂಬಿದಳು. ನೀನು ವಿಧವೆಯಲ್ಲ, ಯಾವತ್ತೂ ಆಗಿರಲಿಲ್ಲ ಎಂದು ಅವಳು ಹೇಳಿದಂತಾಯಿತು. ರೋಸಿನವ್ವ ಬೇಡವೆನ್ನಲಿಲ್ಲ. ಅಥವಾ ಕರುಣವ್ವ ಹೇಳಿದ್ದು ಅದಲ್ಲವೇ ಅಲ್ಲ. ಊರಿಗೆ ಹೋಗುವ ಮಗಳಿಗೆ ಮಾಡುವುದನ್ನು ಮಾಡಿದಳು, ಅಷ್ಟೇ. ಆಮೇಲೆ ಕೇಳಿದ್ದಕ್ಕೆ ಅವಳು ನನಗೆ ಕೊಟ್ಟ ಉತ್ತರ: "ಕಚೇರ್ಯಾಗ ಬರಕೊಳ್ಳಾಕ ಬೇಕಾಗೈತೇನು?"

ರೋಸಿನವ್ವ ತಿರುಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಹಡಗು ಹತ್ತಿಸಿದರೆಂದು ಒಬ್ಬರು ಹೇಳಿದರು, ಕ್ಯಾಂಪಿನಲ್ಲೇ ತೀರಿಕೊಂಡರೆಂದು ಇನ್ನೊಬ್ಬರು. ಕರುಣವ್ವ ಆ ಚಳಿಗಾಲ ದಾಟಲಿಲ್ಲ. ಚರ್ಚಿನ ಹಳೆಯ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಎಲ್ಲಿಗೋ ಒಯ್ದರು, ಎಲ್ಲಿಗೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಶೆಡ್ಡು ಮುಚ್ಚಿದಾಗ ಮೂರನೆಯ ಮಗ್ಗವನ್ನು ಯಾರು ಒಯ್ದರು, ಎಳೆ ಸಮೇತ ಒಯ್ದರೇ ಎಂಬುದೂ ತಿಳಿಯಲಿಲ್ಲ. ಮೊನ್ನೆ ಗಂಜಿಯ ವಾಸನೆ ಬಂದ ಮನೆಯ ಬಾಗಿಲು ತಟ್ಟಿ ಕೇಳಬಹುದಿತ್ತು. ತಟ್ಟಲಿಲ್ಲ.

ಆ ಲಿಪಿಯನ್ನು ಕಲಿಯುತ್ತೇನೆಂದು ಬಹಳ ವರ್ಷ ಅಂದುಕೊಳ್ಳುತ್ತಿದ್ದೆ. ಕಲಿಯಲಿಲ್ಲ. ಅವರ ಬೆರಳು ಸಾಲಿನ ಕೆಳಗೆ ಇದ್ದದ್ದು ನಿಜ, ಉಗುರಿನ ಸಂದಿಯಲ್ಲಿ ಬೂದಿ ಇತ್ತು. ಬೆರಳಿನ ಮೇಲ್ಗಡೆಯಿದ್ದ ಆ ಸಾಲಿನಲ್ಲಿ ಏನು ಬರೆದಿತ್ತು ಎಂಬುದು ನನಗೆ ಗೊತ್ತಿಲ್ಲ.